ಖಾಸಿಂ ಸಾಹೇಬರ ತೋಟದ ಸಂಪಿಗೆ

ಸೋಲೂರಿನಿಂದ ಮಾಗಡಿ ಕಡೆಗೆ ಹೋಗುವಾಗ ರಸ್ತೆಯಿಂದ ಒಂದು ಮೈಲಿ ಒಳಗೆ ಕಲ್ಲುಗೋಡೆಯ ಹಳೆಯ ಲಾಡ್ಜ್ ಒಂದಿದೆ. ರಾಮನಗರದ ರೇಷ್ಮೆ ವ್ಯಾಪಾರಿ ಖಾಸಿಂ ಸಾಹೇಬರು ಬೇಸಿಗೆ ಕಳೆಯಲೆಂದು ಕಟ್ಟಿಸಿದ ಮನೆ ಅದು. ಅವರು ತೀರಿಕೊಂಡ ಮೇಲೆ ಮಗಳು ನೂರ್ಜಹಾನ್ ಅದನ್ನು ಲಾಡ್ಜ್ ಮಾಡಿದರು. ಅವರಿಗೂ ವಯಸ್ಸಾಗಿ, ನಾಲ್ಕು ವರ್ಷದ ಹಿಂದೆ ಬೆಂಗಳೂರಿನ ಕಂಪನಿಯೊಂದಕ್ಕೆ ಮಾರಿದರು. ಯಾರ ಕೈಗೆ ಹೋದರೂ ತೋಟ ಮಾತ್ರ ಕೆಂಚಮ್ಮನದಾಗಿಯೇ ಉಳಿಯಿತು.

ಅಲ್ಲಿಯ ಮಾಲಿ ಬೋರಲಿಂಗಯ್ಯನನ್ನು ಮದುವೆಯಾಗಿ ಬಂದಾಗ ಆಕೆಗೆ ಹದಿನೆಂಟು. ಕೆರೆಯ ಗೋಡುಮಣ್ಣು ಹೊತ್ತು ತಂದು ಬಂಡೆಯ ಸಂದುಗಳಿಗೆ ಸುರಿದು, ಗಂಡಹೆಂಡಿರು ಸೇರಿ ಆ ತೋಟ ಎಬ್ಬಿಸಿದ್ದರು. ಗಂಡ ಹೋಗಿ ಒಂಬತ್ತು ವರ್ಷವಾಯಿತು.

ಹೊಸ ಮ್ಯಾನೇಜರ್ ಶಿವಕಿರಣ್, ದಿನಾ ಬೆಳಿಗ್ಗೆ ಅತಿಥಿಗಳಿಗೆ ತೋಟ ತೋರಿಸಿ ಅದರ ಕತೆ ಹೇಳುವ ಕೆಲಸ ಆಕೆಗೇ ಕೊಟ್ಟ. ಕೆಂಚಮ್ಮ ಒಂದೊಂದು ಮರದ ಹುಟ್ಟನ್ನೂ ಬಾಯಿ ತುಂಬಾ ಹೇಳುವಳು. ಹಿತ್ತಲ ಸಂಪಿಗೆಯ ಬಳಿ ಮಾತ್ರ "ಇದು ಸಂಪ್ಗೆ" ಎಂದಷ್ಟೇ ಹೇಳಿ ಮುಂದೆ ನಡೆದುಬಿಡುವಳು.

ಹೋದ ವರ್ಷ ಸಂಕ್ರಾಂತಿ ಕಳೆದ ವಾರ, ಈಜುಕೊಳಕ್ಕೆಂದು ಆ ಮರದ ಸುತ್ತ ಸುಣ್ಣದ ಗೆರೆ ಬಿತ್ತು. ಕೆಂಚಮ್ಮ ಹೋಗಿ ಗೆರೆಯೊಳಗೆ ಕುಳಿತಳು.

"ಮರ ಕಡಿಯಲ್ಲ ಕೆಂಚಮ್ಮಾ," ಎಂದ ಶಿವಕಿರಣ್. "ಕ್ರೇನಲ್ಲಿ ಬೇರು ಸಮೇತ ಎತ್ತಿ ಗೇಟಿನ ಹತ್ರ ನೆಡ್ತಾರೆ."

"ಮರ ಎತ್ಕಂಡೋಯ್ತೀರಿ ಸ್ವಾಮಿ. ನನ್ ಮಗಳ್ನ ಏನ್ ಮಾಡೀರಿ?"

ಅವನಿಗೆ ಅರ್ಥವಾಗಲಿಲ್ಲ. ಮೂವತ್ತಾರು ವರ್ಷದಲ್ಲಿ ಮೊದಲ ಸಲ ಆಕೆ ಬಾಯಿಬಿಟ್ಟಳು. ಹನ್ನೊಂದು ತಿಂಗಳ ರಾಧಾಮಣಿಗೆ ವಾಂತಿಭೇದಿ ಹಿಡಿದಾಗ ಬಿಡದ ಮಳೆ. ಹಳ್ಳ ತುಂಬಿ ಹರಿದು ಎರಡು ದಿನ ಮಾಗಡಿ ಆಸ್ಪತ್ರೆಗೆ ಹೋಗಲಾಗಲಿಲ್ಲ. ಮಗು ತಾಯಿಯ ತೊಡೆಯ ಮೇಲೇ ಹೋಯಿತು. ಮಣ್ಣು ಮಾಡಲು ಊರಿಗೆ ಒಯ್ಯುವುದಕ್ಕೂ ದಾರಿಯಿರಲಿಲ್ಲ. ಖಾಸಿಂ ಸಾಹೇಬರೇ ಕೊಡೆ ಹಿಡಿದು ನಿಂತು, "ಇಲ್ಲೇ ಮಲಗಿಸು ಬೋರಣ್ಣ, ಈ ಜಾಗ ನಿಂದೇ ಅಂದ್ಕೋ" ಎಂದಿದ್ದರು. ಮಳೆ ನಿಂತ ಮೇಲೆ ಬೋರಲಿಂಗಯ್ಯ ಮಗುವಿನ ತಲೆದಿಕ್ಕಿಗೆ ಸಂಪಿಗೆ ನೆಟ್ಟ. ಆಮೇಲೆ ಅವರಿಗೆ ಮಕ್ಕಳಾಗಲಿಲ್ಲ.

ಶಿವಕಿರಣ್ ದೂರ ಹೋಗಿ ಕಂಪನಿಗೆ ಫೋನ್ ಮಾಡಿದ. "ಇಲ್ಲ ಸರ್, ಕಾಗದ ಪತ್ರ ಏನೂ ಇಲ್ಲ" ಎನ್ನುವುದಷ್ಟೇ ಆಕೆಗೆ ಕೇಳಿಸಿತು. ಹಿಂದಿರುಗಿದವನು ಮುಖ ತಗ್ಗಿಸಿಯೇ, "ಮಗೂನ ಬೇರೆ ಕಡೆ ಒಯ್ಯೋಕೆ ಒಂದು ದಿನ ಟೈಮ್ ಕೊಟ್ಟಿದಾರೆ" ಎಂದ.

ಮರುದಿನ ನಸುಕಿನಲ್ಲೇ ಅವನು ಶೂ ಕಳಚಿಟ್ಟು ತಾನೇ ಗುದ್ದಲಿ ಹಿಡಿದ. ಎದೆಮಟ್ಟ ತೋಡಿದರೂ ಬೇರು, ಗರಸು, ಎರೆಹುಳ ಬಿಟ್ಟು ಬೇರೇನೂ ಸಿಗಲಿಲ್ಲ.

"ಇನ್ನೂ ಸ್ವಲ್ಪ ತೋಡಲಾ ಕೆಂಚಮ್ಮಾ?"

"ಬ್ಯಾಡ ಬುಡಿ," ಎಂದಳು. "ಎಳೇ ಕೂಸು. ಮೂಳೆ ಎಲ್ಲಿ ಗಟ್ಟಿಯಾಗಿತ್ತು?"

ತಳದ ಮಣ್ಣನ್ನು ಬುಟ್ಟಿಗೆ ತುಂಬಿ, ಸೆರಗು ಮುಚ್ಚಿ, ಬಿಸಿಲೇರುವ ಮೊದಲೇ ಊರಿಗೆ ನಡೆದಳು. ಬೋರಲಿಂಗಯ್ಯನ ಸಮಾಧಿಯ ಪಕ್ಕ ಅದನ್ನು ಸುರಿದು, ಮೇಲೆ ಅಂಗೈಯಿಂದ ತಟ್ಟಿ ತಟ್ಟಿ ಕುಳಿತಳು, ಮಗು ಮಲಗಿಸುವವರ ಹಾಗೆ.

ಮರವನ್ನು ಗೇಟಿನ ಬಳಿ ನೆಟ್ಟರು. ಅದು ಬೇರು ಹಿಡಿಯುವುದಿಲ್ಲವೆಂದು ಆಕೆಗೆ ಗೊತ್ತಿತ್ತು. ಆದರೂ ಎರಡು ಹೊತ್ತು ನೀರು ಹೊತ್ತಳು, ಕಾಂಡಕ್ಕೆ ಗೋಣಿತಾಟು ಸುತ್ತಿದಳು. ಶಿವರಾತ್ರಿಗೆ ಎಲೆಯೆಲ್ಲ ಉದುರಿತು. ಯುಗಾದಿಗೆ ಉಗುರಿನಿಂದ ಕೆರೆದು ನೋಡಿದರೆ ತೊಗಟೆಯ ಕೆಳಗೆ ಹಸಿರಿರಲಿಲ್ಲ. ಅಂದೇ ಕೆಲಸ ಬಿಟ್ಟಳು.

ಶಿವಕಿರಣ್ ಮನೆಯವರೆಗೂ ಬಂದು ಕರೆದ. "ಬರೋರೆಲ್ಲ ನಿಮ್ಮನ್ನೇ ಕೇಳ್ತಾರೆ ಕೆಂಚಮ್ಮಾ."

"ಆ ತೋಟದ ಕತೆ ಹೇಳಕ್ಕೆ ಇನ್ ನನ್ಕೈಲಿ ಆಗಕ್ಕಿಲ್ಲ ಸ್ವಾಮಿ. ಸಿಟ್ಟಿಲ್ಲ ನಿಮ್ಮೇಲೆ. ಕಾಫಿ ಕುಡ್ಕಂಡೋಗಿ."

ಈಗ ಆಕೆ ಸೋಲೂರಿನ ನರ್ಸರಿಯೊಂದರಲ್ಲಿ ಸಸಿ ಚೀಲಗಳಿಗೆ ಮಣ್ಣು ತುಂಬುತ್ತಾಳೆ. ಜೊತೆಯ ಹೆಂಗಸರು ಮಕ್ಕಳೆಷ್ಟು ಎಂದು ಕೇಳಿದರೆ, ಮೊದಲಾಗಿದ್ದರೆ ತಲೆಯಾಡಿಸಿ ಸುಮ್ಮನಾಗುತ್ತಿದ್ದಳು. ಈಗ ಕೈ ನಿಲ್ಲಿಸದೆ ಹೇಳುತ್ತಾಳೆ:

"ಒಬ್ಳು. ರಾಧಾಮಣಿ ಅಂತ. ಗೋಡೆ ಹಿಡ್ಕಂಡು ಎರಡೆಜ್ಜೆ ಇಡ್ತಿದ್ಲು."