ಒಂದೇ ಬಟ್ಟಲು

ಅಪ್ಪ ಆದೋನಿಯ ಚರ್ಚಿನಲ್ಲಿ ಬೋಧಕರಾಗಿದ್ದರು. ಜನ ಅವರನ್ನು ಅಯ್ಯಗಾರು ಎನ್ನುತ್ತಿದ್ದರು. ನೂರಾರು ವರ್ಷಗಳ ಹಿಂದೆ ಮಠ ಬಿಟ್ಟು ಹೊರಬಂದ ಜರ್ಮನಿಯ ಒಬ್ಬ ಸನ್ಯಾಸಿಯ ಕಥೆಯನ್ನು ಅವರು ಊಟಕ್ಕೆ ಕೂತಾಗಲೂ ಹೇಳುವರು. ಆತ ಬೈಬಲನ್ನು ಮನೆಮಾತಿಗೆ ತಂದಿದ್ದ, ಮಠ ಬಿಟ್ಟ ಸನ್ಯಾಸಿನಿಯನ್ನೇ ಮದುವೆಯಾಗಿದ್ದ. ನಾನು ಓದುತ್ತಿದ್ದ ಕ್ಯಾಥೊಲಿಕ್ ಕಾನ್ವೆಂಟಿನಲ್ಲಿ ಮಾತ್ರ ಆತನ ಹೆಸರೆತ್ತುವಂತಿರಲಿಲ್ಲ. ಕ್ರೈಸ್ತ ಸಭೆಯನ್ನೇ ಎರಡಾಗಿ ಹರಿದವನು ಎಂದು ಸಿಸ್ಟರುಗಳು ಮುಖ ಬಿಗಿಯುತ್ತಿದ್ದರು.

“ಹರಿದಿಲ್ಲವ್ವ,” ಅಪ್ಪ ನಗುವರು. “ದೇವರ ಮುಂದ ಪಾದ್ರಿನೂ ಒಂದೇ, ಚಪ್ಪಲಿ ಹೊಲಿಯಾತನೂ ಒಂದೇ ಅಂದ. ಪಾದ್ರಿ ಒಬ್ಬಾತನೇ ಕುಡಿಯೋ ಬಟ್ಟಲಾನ ಎಲ್ರಿಗೂ ಕೊಡ್ರಿ ಅಂದ.”

ಆದರೆ ಅಪ್ಪನ ಚರ್ಚಿನಲ್ಲೇ ಬಟ್ಟಲು ಎರಡಿದ್ದವು. ಪ್ರಭುಭೋಜನದ ದಿನ, ರೊಟ್ಟಿಯ ಚೂರಿನ ನಂತರ ದ್ರಾಕ್ಷಾರಸ ಕೊಡುವಾಗ, ಬೆಳ್ಳಿಯದು ಪೇಟೆಯವರಿಗೆ, ಹಿತ್ತಾಳೆಯದು ಕೌತಾಳಂ ಕಡೆಯಿಂದ ಬರುವ ಚರ್ಮದ ಕೆಲಸದವರಿಗೆ. ಅಪ್ಪ ಎರಡು ವರ್ಷ ಮನೆಮನೆಗೆ ಅಲೆದು, ಬೈಸಿಕೊಂಡು, ಕೊನೆಗೆ ಒಂದೇ ಬಟ್ಟಲಿಗೆ ಎಲ್ಲರನ್ನೂ ಒಪ್ಪಿಸಿದರು.

ಒಂದೇ ಬಟ್ಟಲಿನ ಆ ಮೊದಲ ಭಾನುವಾರ ನಾನು ಬೇಸಿಗೆ ರಜೆಗೆ ಊರಿಗೆ ಬಂದಿದ್ದೆ. ನನಗದು ಮೊದಲ ಪ್ರಭುಭೋಜನ. ಕೌತಾಳಂನ ಮುದುಕರೊಬ್ಬರು ಬೆಳ್ಳಿಯ ಬಟ್ಟಲಿನಲ್ಲಿ ಮೊದಲು ಕುಡಿದರು. ಮೀಸೆಯ ತುದಿ ಒದ್ದೆಯಾಯಿತು. ಅಪ್ಪ ಬಟ್ಟಲಿನ ಅಂಚನ್ನು ಬಿಳಿ ಬಟ್ಟೆಯಿಂದ ಒರೆಸಿ ನನ್ನ ಮುಂದೆ ಹಿಡಿದರು. ಕಾನ್ವೆಂಟಿನ ಪೂಜೆಯಲ್ಲಿ ಬಟ್ಟಲು ಪಾದ್ರಿಗೆ ಮಾತ್ರ. ನಾವು ಕಣ್ಣು ಮುಚ್ಚಿ ತಲೆ ಬಾಗಿಸಬೇಕು. ದಿನಾ ಬೆಳಿಗ್ಗೆ ಮಾಡಿದ ರೂಢಿ. ಕೈಮುಗಿದು ತಲೆ ಬಾಗಿಸಿಬಿಟ್ಟೆ.

“ಅಯ್ಯಗಾರ ಮಗಳಿಗೇ ಬ್ಯಾಡಾಗೈತಿ,” ಹಿಂದಿನಿಂದ ಪೇಟೆಯ ಹೆಂಗಸೊಬ್ಬಳ ದನಿ. “ಕಾನ್ವೆಂಟಿನಾಕಿ, ಯಾರ ಎಂಜಲಾ ಕುಡೀಬಾರ್ದಂತ ಆಕಿಗೆ ಗೊತ್ತೈತಿ. ಏಳ್ರೇ, ನಮಗ್ಯಾಕ ಬೇಕು!”

ಕಣ್ಣು ತೆರೆದವಳೇ ಬಟ್ಟಲು ಕಸಿದು ಕುಡಿದೆ. ಯಾರೂ ನೋಡಲಿಲ್ಲ. ಪೇಟೆಯವರು ಬಾಗಿಲಲ್ಲಿ ಚಪ್ಪಲಿ ಹುಡುಕುತ್ತಿದ್ದರು. ಕೌತಾಳಂನ ಮುದುಕರು ಮೆಲ್ಲಗೆ ಎದ್ದರು.

“ನಮ್ ಹಿತ್ತಾಳೀದು ಇರ್ಲಿ ಬಿಡ್ರಿ ಅಯ್ಯಗಾರು. ನಮಗ ಅದಾ ರೂಢಿ ಐತಿ.”

ಬೇಡವೆಂದಲ್ಲ, ಕಾನ್ವೆಂಟಿನ ರೂಢಿಯಿಂದ ತಲೆ ಬಾಗಿಸಿದೆ ಎಂದು ಮನೆಯಲ್ಲಿ ಅಳುತ್ತ ಎಲ್ಲ ಹೇಳಿದೆ. ಅಪ್ಪ ನನ್ನ ಜಡೆಯ ರಿಬ್ಬನ್ ಸರಿಮಾಡಿದರು.

“ನನಗ ತಿಳೀತೈತವ್ವ. ಕೌತಾಳಂನೋರ ಮುಂದ ಹೋಗಿ ಇದನ್ನ ಹೆಂಗ ಹೇಳ್ಲಿ?”

ಮುಂದಿನ ವಾರವೇ ಹೋಗಿ ಹೇಳಿದರು. ಮುದುಕರು ಮಜ್ಜಿಗೆ ಕೊಟ್ಟು, ಹೂಂ ಎಂದು ಕಳಿಸಿದರಂತೆ. ಮರುತಿಂಗಳು ಮೇಜಿನ ಮೇಲೆ ಮತ್ತೆ ಎರಡು ಬಟ್ಟಲು. ಪೇಟೆಯವರು ಸಾಲಾಗಿ ಬಂದು ಬೆಳ್ಳಿಯದರಲ್ಲಿ ಕುಡಿದು ಹೋದರು. ಕೌತಾಳಂನಿಂದ ಯಾರೂ ಬಂದಿರಲಿಲ್ಲ. ಅಪ್ಪ ಬಹಳ ಹೊತ್ತು ಕಾದು, ಹಿತ್ತಾಳೆಯ ಬಟ್ಟಲನ್ನು ತಾವೇ ಕುಡಿದು ಬರಿದು ಮಾಡಿದರು.