ಥಾನು ಹೊರಬೇಡಿ, ಚೀಟಿ ಕಳಿಸಿ

ಪುಣೆಯ ಕ್ಯಾಂಪ್ ಬಡಾವಣೆಯಲ್ಲಿ ನನ್ನ ಸೋದರಮಾವನ ಬಟ್ಟೆ ಅಂಗಡಿ ಇತ್ತು. ಭಾನುವಾರ ಬೆಳಿಗ್ಗೆ ಅದರ ಅಟ್ಟದ ಮೇಲೆ ಧಾರವಾಡ, ಬೆಳಗಾವಿ ಕಡೆಯ ಗಂಡಸರು ಗಾದಿ ಹಾಸಿಕೊಂಡು ಚದುರಂಗ ಆಡುತ್ತಿದ್ದರು. ಚಹಾ ಒಯ್ಯುವವಳು ನಾನು. ನೋಡಿ ನೋಡಿಯೇ ಆಟ ಕಲಿತಿದ್ದೆ. ಅವರಲ್ಲಿ ಅರ್ಧ ಮಂದಿಯನ್ನು ಸೋಲಿಸಬಲ್ಲೆನೆಂಬ ಸೊಕ್ಕೂ ಇತ್ತು. ಗಾದಿಯ ಮೇಲೆ ಮಾತ್ರ ನನಗೆ ಜಾಗವಿರಲಿಲ್ಲ. ಒಂದು ದಿನ ಕೇಳಿಯೇ ಬಿಟ್ಟೆ.

ಮಾವ ನಕ್ಕರು. "ನೀ ಕಂಪ್ಯೂಟರ್ ಕಲ್ಯಾಕತ್ತೀ ಅಲ್ಲ? ಅದಕ್ಕ ಆಟ ಕಲಿಸು. ಅದು ನನ್ನ ಸೋಲಿಸಿದ್ರ ನಿನಗ ಗಾದಿ ಮ್ಯಾಲ ಜಾಗಾ."

ತೊಂಬತ್ತರ ದಶಕದ ನಡುವಿನ ಮಾತು. ಹಟಕ್ಕೆ ಬಿದ್ದು ಮೂರು ತಿಂಗಳಲ್ಲಿ ಪ್ರೋಗ್ರಾಂ ಬರೆದು, ಹಳೆಯ ಕಂಪ್ಯೂಟರೊಂದನ್ನು ಅಟ್ಟಕ್ಕೆ ಹೊರಿಸಿದೆ. ಇಬ್ಬರಿಗೂ ಅರ್ಧರ್ಧ ಗಂಟೆ ಎಂಬುದು ಅಲ್ಲಿಯ ನಿಯಮ. ಹದಿನಾರನೇ ನಡೆಗೇ ನನ್ನ ಯಂತ್ರದ ಹೊತ್ತು ಮುಗಿಯಿತು.

"ಆಟ ಚಲೋ ಅದ, ಆದ್ರ ಭಾಳ ನಿಧಾನ," ಅಂದರು ಮಾವ. ಆ ಕನಿಕರಕ್ಕೆ ಮೈಯೆಲ್ಲ ಉರಿಯಿತು.

ಉತ್ತರ ಸಿಕ್ಕಿದ್ದು ಕೆಳಗೆ ಅಂಗಡಿಯಲ್ಲಿ. ಹೊಸ ಸೇಲ್ಸ್‌ಮನ್ ಎಷ್ಟು ಮೀಟರ್ ಉಳಿದಿದೆ ಎಂದು ತೋರಿಸಲು ಗೋದಾಮಿನಿಂದ ಬಟ್ಟೆಯ ಇಡೀ ಥಾನನ್ನೇ ಹೊತ್ತು ತಂದಿದ್ದ. ಮಾವ ಗದರಿದರು: "ಥಾನು ಯಾಕ ಹೊತ್ತು ತರ್ತೀರಿ? ಕಪಾಟಿನ ನಂಬರ್ ಚೀಟಿ ಮ್ಯಾಲ ಬರದು ಕಳಸ್ರಿ. ನೋಡೋರು ಅಲ್ಲೇ ಹೋಗಿ ನೋಡ್ತಾರ."

ನಾನು ಮಾಡುತ್ತಿದ್ದುದೂ ಅದೇ ದಡ್ಡತನ! ಪ್ರೋಗ್ರಾಮಿನಲ್ಲಿ ಕೆಲಸಕ್ಕೊಂದು ತುಂಡು, ಅಂದರೆ ಫಂಕ್ಷನ್: ಒಂದು ನಡೆ ಹುಡುಕುತ್ತದೆ, ಇನ್ನೊಂದು ಅದನ್ನು ತೂಗುತ್ತದೆ. ಪ್ರತಿಯೊಂದಕ್ಕೂ ಪ್ರತಿಸಲ ಅರವತ್ನಾಲ್ಕು ಮನೆಗಳ ಇಡೀ ಹಲಗೆಯನ್ನು ನಕಲು ಮಾಡಿ ಕೊಡುತ್ತಿದ್ದೆ. ಹೊತ್ತೆಲ್ಲ ನಕಲಿಗೇ ಖರ್ಚು. ಈಗ ಹಲಗೆ ಒಂದನ್ನೇ ಇಟ್ಟು, ಕಂಪ್ಯೂಟರಿನ ನೆನಪಿನಲ್ಲಿ ಅದಿರುವ ವಿಳಾಸವನ್ನಷ್ಟೇ ಎಲ್ಲ ಫಂಕ್ಷನ್ನುಗಳಿಗೂ ಕೊಟ್ಟೆ.

ಮುಂದಿನ ಭಾನುವಾರ ಯಂತ್ರ ಚುರುಕಾಗಿ ಆಡಿತು. ಒಂಬತ್ತನೇ ನಡೆಗೆ ಅದರದೇ ಕುದುರೆ ಮಾಯ! ಅಟ್ಟವೆಲ್ಲ ನಗು. ಮೊದಲು ಪ್ರತಿ ಫಂಕ್ಷನ್ನೂ ತನ್ನ ನಕಲಿನ ಮೇಲೆ ಆಡಿ ಎಸೆಯುತ್ತಿತ್ತು. ಈಗ ಹಲಗೆ ಒಂದೇ. ಯೋಚಿಸುವಾಗ ಎತ್ತಿದ ಕಾಯಿಯನ್ನು ಮರಳಿ ಇಡಿಸುವುದನ್ನು ನಾನು ಒಂದು ಕಡೆ ಮರೆತಿದ್ದೆ. ವಿವರಿಸಿದಾಗ ಮಾವ ಹಣೆ ಚಚ್ಚಿಕೊಂಡರು: "ತಗದದ್ದು ತಗದ ಕಡೆನ ಇಡ್ರಿ ಅಂತ ಕೆಳಗ ದಿನಾ ಒದರ್ತೀನಿ, ನಿನಗ ಕೇಳಸೂದಿಲ್ಲೇನ?"

ಕೇಳಿಸಿತು. ಎತ್ತಿದ್ದನ್ನೆಲ್ಲ ಮರಳಿ ಇಡುವ ಹಾಗೆ ತಿದ್ದಿದೆ.

ಮೂರನೇ ಭಾನುವಾರ, ಮೂವತ್ತೆರಡನೇ ನಡೆಗೆ ಮಾವನ ರಾಜನಿಗೆ ಹೋಗಲು ಮನೆಯೇ ಉಳಿದಿರಲಿಲ್ಲ. ಯಂತ್ರದ ಬಳಿ ಇನ್ನೂ ಹನ್ನೊಂದು ನಿಮಿಷ ಇತ್ತು. ನಾನು ಕುಣಿದೇಬಿಟ್ಟೆ, ನಾಚಿಕೆಯೇನೂ ಆಗಲಿಲ್ಲ.

"ಗೆದ್ದದ್ದು ಯಂತ್ರರೀ, ಆಕಿ ಅಲ್ಲ," ಅಂದರು ಗಾದಿಯ ಹಿರಿಯರೊಬ್ಬರು.

"ಅದಕ್ಕ ಕಲಿಸಿದಾಕಿ ಯಾರ್ರಿ? ಆಕಿ ಸಂಗಡ ಒಂದು ಆಟ ಆಡಿ ನೋಡ್ರಿ," ಎಂದು ಮಾವ ತಮ್ಮ ಜಾಗದಿಂದ ಎದ್ದರು. ನನ್ನ ಮುಂದೆ ಬಿಳಿ ಕಾಯಿಗಳನ್ನು ಜೋಡಿಸಿ, ಖಾಲಿ ಕಪ್-ಬಸಿಗಳ ತಟ್ಟೆ ಎತ್ತಿಕೊಂಡು, ಚಹಾ ತರಲು ತಾವೇ ಮೆಟ್ಟಿಲಿಳಿದರು.

ನಾನು ಗಾದಿಯ ಮೇಲೆ ಕಾಲು ಮಡಿಸಿ ಕುಳಿತು, ರಾಜನ ಮುಂದಿನ ಕಾಲಾಳನ್ನು ಎರಡು ಮನೆ ನಡೆಸಿದೆ.