ಪರದೆಯ ಮೇಲೆ ನಿಲ್ಲದ ಜಪ

ಮಿತ್ರರೇ, ಇಂದು ಶಿರಸಿಯಲ್ಲಿ ನನ್ನ ಬಲಗಣ್ಣಿನ ಶಸ್ತ್ರಚಿಕಿತ್ಸೆ ನಡೆಯುತ್ತಿದ್ದಾಗ, ಕಣ್ಣಿನೊಳಗಿನ ಪದರಗಳು ಆ ಕ್ಷಣದಲ್ಲೇ ವೈದ್ಯರ ಮುಂದಿನ ಯಂತ್ರದ ಪರದೆಯ ಮೇಲೆ ಮೂಡುತ್ತಿದ್ದವು. ಧೈರ್ಯಕ್ಕೆಂದು ನೂರೆಂಟು ಸಲ ಜಪಿಸುವೆನೆಂದು ಸಂಕಲ್ಪಿಸಿ ಅಷ್ಟಾಕ್ಷರಿ ಮಂತ್ರವನ್ನು ತುಟಿಯಲ್ಲೇ ಜಪಿಸುತ್ತಿದ್ದೆ.

“ಅಜ್ಜಾ, ಎಂತ ಗುಣಗುಣ ಮಾಡ್ತ್ರಿ? ಪರದೆಲಿ ಪದರ ನಡುಗ್ತಾ ಇದ್ದು. ಸೂಜಿ ತಪ್ಪಿರೆ ದೃಷ್ಟಿನೇ ಹೋಗ್ತು” ಎಂದರು, ನಮ್ಮ ಸೀಮೆಯವರೇ ಆದ ವೈದ್ಯರು.

“ಸಂಕಲ್ಪ ಮಾಡಿದ ಜಪ ನಡುವೆ ಬಿಡ್ಲಾಗ.”

“ಕಣ್ಣು ಬೇಕಾ, ಬ್ಯಾಡದಾ?”

ನಿಲ್ಲಿಸಿದೆ, ಮನಸ್ಸಿನಲ್ಲಿಯೂ ನಿಲ್ಲಿಸಿದೆ.

“ಇನ್ನೂ ಅದೇ ತಾಳದಲ್ಲಿ ನಡುಗ್ತಾ ಇದ್ದಲಾ! ನಿಲ್ಸಿ ಅಜ್ಜಾ.”

“ಆನು ನಿಲ್ಸಿ ಆತು ಮಾರಾಯಾ.”

ವೈದ್ಯರು ಸೂಜಿಯನ್ನು ತಡೆದು ಕಾದರು. ಉಳಿದ ಜಪ ಮುಗಿಯಲು ಬೇಕಾಗುವಷ್ಟೇ ಹೊತ್ತು ಕಳೆದು ನಡುಕ ತಾನಾಗಿ ನಿಂತಿತು.

ದೃಷ್ಟಿಯೇನೋ ಉಳಿದಿದೆ. ಜಪದ ಫಲ ನನಗೆ ಸಲ್ಲುವುದೋ, ಒಳಗೆ ಕುಳಿತು ಅದನ್ನು ಪೂರೈಸಿದವರಿಗೋ, ಬಲ್ಲವರು ತಿಳಿಸಬೇಕು.